ಐನೂರು ಪ್ರತಿ ಮುಗಿದವು

ನಿನ್ನೆ ಸಂಜೆ ನನ್ನ ಕಾದಂಬರಿಯ ಕೊನೆಯ ಪ್ರತಿಯನ್ನು ಪೋಸ್ಟ್ ಮಾಡಿ ಬಂದೆ. ಹದಿನಾಲ್ಕು ತಿಂಗಳಿಂದ ಮಂಚದ ಕೆಳಗಿದ್ದ ಕಟ್ಟುಗಳೆಲ್ಲ ಖಾಲಿ. ನಾನೇ ದುಡ್ಡು ಹಾಕಿ, ಅಚ್ಚು ಹಾಕಿಸಿ, ವಿಳಾಸ ಬರೆದು ಕಳಿಸಿದ ಮೊದಲ ಪುಸ್ತಕ. ಮನಸ್ಸು ತುಂಬಿ ಬಂದಿದೆ. ಕೊಂಡು ಓದಿದ ಎಲ್ಲರಿಗೂ ನಮಸ್ಕಾರ. ಆದರೆ ಇದರಲ್ಲಿ ತಪ್ಪು ಹುಡುಕಿಕೊಟ್ಟವರಿಗೆ ಮೊದಲು ಥ್ಯಾಂಕ್ಸ್ ಹೇಳಬೇಕು.

ಕತೆ ನಡೆಯುವುದು ದಾವಣಗೆರೆಯ ಹತ್ತಿ ಮಿಲ್ಲಿನಲ್ಲಿ, ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದ ಕಾಲದಲ್ಲಿ. ನಾನು ಮಿಲ್ಲಿನೊಳಗೆ ಕಾಲಿಟ್ಟವಳೇ ಅಲ್ಲ. ನಮ್ಮ ಬೀದಿಯ ಅಜ್ಜ ಒಬ್ಬರು ನೂಲು ತೆಗೆಯುವ ಸ್ಪಿನ್ನಿಂಗ್ ಖಾತೆಯಲ್ಲಿ ದುಡಿದು ನಿವೃತ್ತರಾದವರು. ಅವರಿಗೆ ಹಸ್ತಪ್ರತಿ ಕೊಟ್ಟೆ. ಮೂರನೇ ದಿನ ಕರೆದರು. “ಯವ್ವಾ, ರಿಂಗ್ ಫ್ರೇಮ್ ಮಿಷಿನ್ ಮುಂದೆ ಇಬ್ಬರನ್ನ ನಿಲ್ಸಿ ಇಷ್ಟುದ್ದ ಮಾತಾಡ್ಸಿದೀಯಲ್ಲ, ಅಲ್ಲಿ ಕಿವಿ ಹತ್ರ ಕೂಗಿದ್ರೂ ಕೇಳ್ಸಲ್ಲ.” ಆಮೇಲೆ ಎದ್ದು ನಿಂತು ತೋರಿಸಿದರು. ಎಳೆ ತುಂಡಾದರೆ ಬೆರಳಿನ ಒಂದು ಸನ್ನೆ. ಮೇಸ್ತ್ರಿ ಬರುತ್ತಿದ್ದರೆ ಹುಬ್ಬಿನದು ಇನ್ನೊಂದು. ಆ ಅಧ್ಯಾಯದ ಮಾತನ್ನೆಲ್ಲ ಹೊಡೆದು ಹಾಕಿ ಸನ್ನೆಯಲ್ಲೇ ಬರೆದೆ. ಓದಿದವರು ಜಾಸ್ತಿ ಮೆಚ್ಚಿ ಬರೆದದ್ದು ಅದೇ ಅಧ್ಯಾಯದ ಬಗ್ಗೆ.

ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಯುನಿಕೋಡ್‌ಗೆ ಬದಲಾಯಿಸಿದಾಗ ಅರ್ಕಾವೊತ್ತುಗಳು ಎಲ್ಲೆಲ್ಲೋ ಹೋಗಿ ಕೂತಿದ್ದವು. ಡಿಟಿಪಿ ಮಾಡಿದ ತಮ್ಮ ಬೇಜಾರಿಲ್ಲದೆ ಎಲ್ಲವನ್ನೂ ತಿದ್ದಿಕೊಟ್ಟ. ಪುಸ್ತಕದ ಗುರುತಿನ ನಂಬರ್ ಆದ ಐಎಸ್‌ಬಿಎನ್‌ಗೆ ಒಬ್ಬರು ದುಡ್ಡು ಕೇಳಿದ್ದರು. ಕೇಂದ್ರ ಸರ್ಕಾರದ ರಾಜಾ ರಾಮಮೋಹನ ರಾಯ್ ಏಜೆನ್ಸಿ ಅದನ್ನು ಉಚಿತವಾಗಿ ಕೊಡುತ್ತದೆ ಅಂತ ಹೇಳಿ, ಪಕ್ಕದಲ್ಲಿ ಕೂತು ಅರ್ಜಿ ತುಂಬಿಸಿದವನೂ ಅವನೇ.

ಬೈಂಡಿಂಗ್ ಅಕ್ಕನನ್ನು ಮರೆಯಲಾರೆ. 16 ಪುಟ ಅಚ್ಚಾಗಿ ಮಡಿಸಿದ ಒಂದು ಹಾಳೆಗೆ ಫಾರಂ ಅನ್ನುತ್ತಾರೆ, ನನ್ನ 208 ಪುಟಕ್ಕೆ 13 ಫಾರಂ. ಪ್ರತಿ ಫಾರಂನ ಮಡಿಕೆಯ ಮೇಲೆ ಒಂದು ಸಣ್ಣ ಕಪ್ಪು ಗುರುತು, ಒಂದಕ್ಕಿಂತ ಒಂದು ಸ್ವಲ್ಪ ಕೆಳಗೆ. ಸರಿಯಾಗಿ ಜೋಡಿಸಿದರೆ ಪುಸ್ತಕದ ಬೆನ್ನಿನಲ್ಲಿ ಅವು ಮೆಟ್ಟಿಲಿನ ಹಾಗೆ ಇಳಿಯುತ್ತವೆ. ಅಕ್ಕ ಅದರ ಮೇಲೆ ಹೆಬ್ಬೆರಳು ಓಡಿಸುತ್ತಾ ಹೋಗಿ ತಟ್ಟನೆ ನಿಲ್ಲಿಸಿದರು. “ಇಲ್ಲಿ ಮೆಟ್ಲು ತಪ್ಪೈತೆ ನೋಡವ್ವ.” ಏಳನೇ ಫಾರಂ ಎರಡು ಸಲ ಸೇರಿತ್ತು, ಎಂಟನೆಯದು ಇಲ್ಲವೇ ಇಲ್ಲ. ಅಂಥವು ನಲವತ್ತು ಸಿಕ್ಕವು. ಅಂಟು ಹಾಕುವ ಮೊದಲೇ ಸಿಕ್ಕಿದ್ದು ನನ್ನ ಪುಣ್ಯ. ಇಲ್ಲದಿದ್ದರೆ ನಲವತ್ತು ಮನೆಗಳಲ್ಲಿ ಕತೆ ನಡುವೆಯೇ ಕಡಿದುಹೋಗುತ್ತಿತ್ತು, ಅಲ್ವಾ? ಎಲ್ಲ ಬಿಚ್ಚಿ ಮತ್ತೆ ಜೋಡಿಸಿದರು. ಕೂಲಿ ಒಂದು ರೂಪಾಯಿ ಜಾಸ್ತಿ ತಗೊಳ್ಳಲಿಲ್ಲ.

ಚೀಟಿ ಎತ್ತಿದ ದುಡ್ಡನ್ನು ಹಾಗೇ ನನ್ನ ಕೈಗಿಟ್ಟ ಅವ್ವನಿಗೆ ಏನು ಹೇಳಲಿ? ಓದು ಬಾರದ ಅವಳು ಪ್ರತಿ ಪಾರ್ಸಲ್ ಕಟ್ಟಿದ ಮೇಲೂ ಒಮ್ಮೆ ಕೈಯಾಡಿಸಿಯೇ ಕಳಿಸಿದಳು. ಬಿಡುಗಡೆಯ ದಿನ ನಮ್ಮ ಜಗುಲಿಯಲ್ಲಿ ಕೂತು ಮಂಡಕ್ಕಿ ಮಿರ್ಚಿ ತಿಂದು, ಪುಸ್ತಕ ಕೊಂಡು ಹೋದ ಬೀದಿಯವರಿಗೂ ನಾನು ಋಣಿ.

ಮುಂದಿನ ತಿಂಗಳು ಎರಡನೇ ಮುದ್ರಣ. ಅಚ್ಚಾದ ಪುಸ್ತಕದಲ್ಲೂ ಅಜ್ಜ ಒಂದು ಕಡೆ ಕಡ್ಡಿ ಇಟ್ಟು ವಾಪಸ್ ಕೊಟ್ಟಿದ್ದರು. ನೂಲು ತುಂಬಿದ ಬಾಬಿನ್ ಇಳಿಸುವುದಕ್ಕೆ ಡಾಫಿಂಗ್ ಅನ್ನಬೇಕಂತೆ, ನಾನು ಬೇರೇನೋ ಬರೆದಿದ್ದೆ. ಅಜ್ಜಾ, 96ನೇ ಪುಟ ತಿದ್ದಿದ್ದೇನೆ. ನಾಳೆ ಬೆಳಿಗ್ಗೆ ಪ್ರೂಫ್ ತರುತ್ತೇನೆ, ಕನ್ನಡಕ ಹುಡುಕಿ ಇಟ್ಟುಕೊಂಡಿರಿ.