ಮಗಳಿಗೊಂದು ಪತ್ರ: ಗೋಡೆ ಮೇಲಿನ ಕ್ಯಾಲೆಂಡರ್ ಯಾಕೆ ಮಿನುಗುತ್ತದೆ?

ಪ್ರೀತಿಯ ಪುಟ್ಟಿ,

ನೀನು ಗೊಡೋ 3 ಅನ್ನುವ ಗೇಮ್ ಎಂಜಿನ್‌ನಲ್ಲಿ (ಆಟ ಕಟ್ಟುವ ತಂತ್ರಾಂಶ) ಕಟ್ಟಿದ 3ಡಿ ಮನೆಯ ವಿಡಿಯೋ ನೋಡಿದೆ. ಹಾಲ್ ಚೆನ್ನಾಗಿ ಬಂದಿದೆ. ಕ್ಯಾಮೆರಾ ಅಲ್ಲಾಡಿದಾಗೆಲ್ಲ ಗೋಡೆಯ ಕ್ಯಾಲೆಂಡರ್ ಮಿನುಗುತ್ತದೆ ಅಂದೆಯಲ್ವಾ? ಸುಮ್ನೆ ಕೋಡ್ ಕೆದಕಬೇಡ, ಅದು ಸರಿಯಾಗಿಯೇ ಇದೆ.

ಮೊದಲು, 3ಡಿ ವಸ್ತು ಚಪ್ಪಟೆ ಪರದೆಗೆ ಹೇಗೆ ಬರುತ್ತದೆ ಅಂತ ಒಂದು ಲೆಕ್ಕ. ಪೆಟ್ಟಿಗೆಯ ಒಂದು ಮೂಲೆ ಕ್ಯಾಮೆರಾದಿಂದ 1 ಮೀಟರ್ ಬಲಕ್ಕೆ, 2 ಮೀಟರ್ ಮುಂದಕ್ಕೆ ಇದೆ ಅಂದುಕೋ. 1ನ್ನು 2ರಿಂದ ಭಾಗಿಸಿದರೆ 0.5; ಪರದೆಯ ನಡುವಿನಿಂದ ಆ ಮೂಲೆ ಎಷ್ಟು ಬಲಕ್ಕೆ ಅನ್ನುವುದು ಇದೇ. ಅದೇ ಸಾಲಿನ ಹಿಂದಿನ ಮೂಲೆ 4 ಮೀಟರ್ ದೂರದಲ್ಲಿದ್ದರೆ 0.25. ಹಿಂದಿನದು ಪರದೆಯ ನಡುವಿಗೆ ಸರಿಯಿತು, ಪೆಟ್ಟಿಗೆಯ ಹಿಂಬದಿ ಚಿಕ್ಕದಾಯಿತು. ಮ್ಯಾಟ್ರಿಕ್ಸ್ ಅಂತ ಹೆದರಿಸುವವರು ಜಾಸ್ತಿ. ದೂರದ್ದು ಚಿಕ್ಕದಾಗಿ ಕಾಣುವುದು ಮಾತ್ರ ಈ ಭಾಗಾಕಾರದಿಂದಲೇ.

ಇನ್ನು, ಯಾವುದು ಮುಂದೆ, ಯಾವುದು ಹಿಂದೆ ಅಂತ ಗೊತ್ತಾಗುವುದು ಹೇಗೆ? ಪ್ರತಿ ಪಿಕ್ಸೆಲ್‌ಗೂ ಬಣ್ಣದ ಜೊತೆ ದೂರದ ಒಂದು ಅಂಕಿ ಇರುತ್ತದೆ. ಅದು ಡೆಪ್ತ್ ಬಫರ್. 3ಡಿ ವಸ್ತುಗಳನ್ನೆಲ್ಲ ಪುಟ್ಟ ತ್ರಿಕೋನಗಳಾಗಿ ಬಿಡಿಸುತ್ತಾರೆ; ಹೊಸ ತ್ರಿಕೋನ ಬಂದಾಗ ಅಂಕಿ ಹೋಲಿಸಿ ಹತ್ತಿರದ್ದನ್ನು ಉಳಿಸಿಕೊಳ್ಳುತ್ತದೆ. ಎಡ್ ಕ್ಯಾಟ್‌ಮಲ್ 1974ರಲ್ಲಿ ಯೂಟಾ ವಿಶ್ವವಿದ್ಯಾಲಯದ ತಮ್ಮ ಪಿಎಚ್‌ಡಿಯಲ್ಲಿ ಇದನ್ನು ಬರೆದರು. (ಮುಂದೆ ಪಿಕ್ಸಾರ್ ಕಟ್ಟಿದವರಲ್ಲಿ ಅವರೂ ಒಬ್ಬರು.) ಮೆಮೊರಿ ಚಿನ್ನದಷ್ಟು ದುಬಾರಿ ಇದ್ದ ಕಾಲದಲ್ಲಿ ಪಿಕ್ಸೆಲ್‌ಗೊಂದು ಅಂಕಿ ಜಾಸ್ತಿ ಕೇಳುವುದಕ್ಕೂ ಧೈರ್ಯ ಬೇಕು ಬಿಡು.

ಆ ಅಂಕಿಗೆ ಇಂತಿಷ್ಟೇ ಬಿಟ್, ಅಂದರೆ ಅದರ ನಿಖರತೆಗೆ ಒಂದು ಮಿತಿ ಇದೆ. ನೀನು ಕ್ಯಾಲೆಂಡರನ್ನು ಗೋಡೆಯ ಮೇಲೇ, ಒಂದಿಷ್ಟೂ ಸಂದು ಬಿಡದೆ ಇಟ್ಟಿದ್ದೀಯ. ಲೆಕ್ಕದ ಕೊನೆಯ ಅಂಕಿ ಅತ್ತಿತ್ತ ಆದಾಗ ಒಂದು ಪಿಕ್ಸೆಲ್‌ನಲ್ಲಿ ಗೋಡೆ ಗೆಲ್ಲುತ್ತದೆ, ಪಕ್ಕದ್ದರಲ್ಲಿ ಕ್ಯಾಲೆಂಡರ್. ಮುಂದಿನ ಫ್ರೇಮ್‌ನಲ್ಲಿ ಎಲ್ಲ ಅದಲು ಬದಲು. ಇದೇ ಝಡ್ ಫೈಟಿಂಗ್.

ಕ್ಯಾಲೆಂಡರನ್ನು ಅರ್ಧ ಸೆಂಟಿಮೀಟರ್ ಮುಂದಕ್ಕೆ ಎಳಿ. ದೂರದಿಂದ ನೋಡಿದಾಗ ಇನ್ನೂ ಮಿನುಗಿದರೆ ಕ್ಯಾಮೆರಾದ ನಿಯರ್ (ಎಷ್ಟು ದೂರದಿಂದ ಆಚೆಗಿನದ್ದನ್ನು ಅದು ತೋರಿಸುತ್ತದೆ ಅನ್ನುವ ಅಂಕಿ, ಮೀಟರ್‌ನಲ್ಲಿ) ನೋಡು. ಅದು 0.01 ಇದ್ದರೆ ಬಫರ್‌ನ ಅಂಕಿಗಳಲ್ಲಿ ಹೆಚ್ಚುಕಮ್ಮಿ ಅರ್ಧ ಮೊದಲ 2 ಸೆಂಟಿಮೀಟರ್‌ಗೇ ಖರ್ಚು! ಉಳಿದ ಅರ್ಧದಲ್ಲಿ ಇಡೀ ಮನೆ ಸುಧಾರಿಸಬೇಕು. 0.1 ಮಾಡು.

ರಜೆಯಲ್ಲಿ ಒಮ್ಮೆ ಎಂಜಿನ್ ಬದಿಗಿಟ್ಟು, ಬರೀ ಪೈಥಾನ್‌ನಲ್ಲಿ 8 ಮೂಲೆ, 12 ಗೆರೆಯ ಪೆಟ್ಟಿಗೆಯೊಂದನ್ನು ತಿರುಗಿಸು. ಎಂಜಿನ್ ಬೇಡ ಅಂತಲ್ಲ. ನೆರಳು, ವಸ್ತುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುವುದು ಎಲ್ಲ ನೀನೇ ಬರೆಯಲು ಕೂತರೆ ಆಟ ಮುಗಿಯುವುದೇ ಇಲ್ಲ. ತಿರುಗಿಸಲು ಸೈನ್, ಕೊಸೈನ್ ಸಾಕು, ನಿನ್ನ ಹತ್ತನೇ ಕ್ಲಾಸಿನ ಪುಸ್ತಕದಲ್ಲೇ ಇವೆ. ಎಲ್ಲಿ ಸಿಕ್ಕಿಹಾಕಿಕೊಂಡೆ ಅಂತ ಭಾನುವಾರ ಫೋನ್ ಮಾಡಿದಾಗ ಹೇಳು.

ನಿನ್ನ ಅಮ್ಮ