ಜೀನ್ ಚಿಕಿತ್ಸೆಯ ಸಂದೇಶಗಳ ಕುರಿತು

ಸದಸ್ಯರೆಲ್ಲರಿಗೂ ನಮಸ್ಕಾರ. ‘ಒಂದೇ ಚುಚ್ಚುಮದ್ದಿಗೆ ಆನುವಂಶಿಕ ಕಾಯಿಲೆಗಳೆಲ್ಲ ಮಾಯ’ ಎಂಬ ಸಂದೇಶವನ್ನು ದಯವಿಟ್ಟು ಯಾರಿಗೂ ಕಳುಹಿಸಬೇಡಿ. ನಿಜ ಸಂಗತಿಯೇ ಬೆರಗು ಹುಟ್ಟಿಸುವಂತಿದೆ. ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗುವ ಆನುವಂಶಿಕ ಕಾಯಿಲೆಯಾದ ಸಿಕಲ್ ಸೆಲ್ ರಕ್ತಹೀನತೆಗೆ, ಜೀನ್‌ಗಳನ್ನು ಕತ್ತರಿಸಿ ತಿದ್ದುವ ಕ್ರಿಸ್ಪರ್ ತಂತ್ರಜ್ಞಾನದ ‘ಕ್ಯಾಸ್‌ಜೆವಿ’ ಚಿಕಿತ್ಸೆಯನ್ನು ಬ್ರಿಟನ್ 2023ರ ನವೆಂಬರ್‌ನಲ್ಲಿ ಮೊದಲಿಗೆ ಒಪ್ಪಿತು. ರೋಗಿಯದೇ ರಕ್ತದ ಕಾಂಡಕೋಶಗಳನ್ನು (ರಕ್ತಕಣಗಳನ್ನು ಹುಟ್ಟಿಸುವ ಮೂಲಕೋಶಗಳನ್ನು) ಹೊರತೆಗೆದು, ಜೀನ್ ತಿದ್ದಿ, ಮರಳಿ ದೇಹಕ್ಕೆ ಸೇರಿಸುತ್ತಾರೆ. ಗರ್ಭದಲ್ಲಿದ್ದಾಗ ಇದ್ದಂಥ ಹಿಮೋಗ್ಲೋಬಿನ್ ಮತ್ತೆ ಹೆಚ್ಚಾಗಿ ತಯಾರಾಗತೊಡಗುತ್ತದೆ. ಆದರೆ ತಿದ್ದಿದ ಕೋಶಗಳನ್ನು ಮರಳಿ ಸೇರಿಸುವ ಮುನ್ನ ಕಠಿಣ ಕೀಮೋಥೆರಪಿ, ಆಮೇಲೆ ವಾರಗಟ್ಟಲೆ ಆಸ್ಪತ್ರೆವಾಸ. ಅಮೆರಿಕದಲ್ಲಿ ಘೋಷಿಸಿದ ಬೆಲೆ 22 ಲಕ್ಷ ಡಾಲರ್; ರೋಗಿಗಳು ಅತಿ ಹೆಚ್ಚಿರುವುದು ಆಫ್ರಿಕಾದಲ್ಲಿ. ನನ್ನನ್ನು ಕಾಡುವುದು ಇದೇ. ಮನೆಯಲ್ಲಿ ರೋಗಿಗಳಿದ್ದರೆ ಈಗಿನ ಔಷಧಿ ನಿಲ್ಲಿಸಬೇಡಿ, ರಕ್ತರೋಗ ತಜ್ಞರನ್ನೇ ಕೇಳಿ.