ಸೀಟಿ ಕೊಡುವ ಮುಂಚೆ ತರಬೇತಿ ಕೊಡಿ: ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ದಾವಣಗೆರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ,

ಮಾನ್ಯರೇ, ನಮಸ್ಕಾರ.

ಕೆಲವು ವರ್ಷಗಳ ಹಿಂದೆ, ಹಬ್ಬದ ಸಂತೆ ಜೋರಾಗಿದ್ದ ವಾರದಲ್ಲಿ, ಪೇಟೆಯ ಒಂದು ರಸ್ತೆಯಲ್ಲಿ ಪಾರ್ಕಿಂಗ್ ನೋಡಿಕೊಳ್ಳಲು ನಾನೂ ಸ್ವಯಂಸೇವಕನಾಗಿ ನಿಂತಿದ್ದೆ. ಮೈಗೆ ಹೊಳೆಯುವ ಜಾಕೆಟ್ ಹಾಕಿ ಕೈಗೊಂದು ಸೀಟಿ ಕೊಟ್ಟರು. ಏನು ಮಾಡಬಾರದು ಅಂತ ಯಾರೂ ಹೇಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಒಬ್ಬ ಹುಡುಗ ಔಷಧಿ ಅಂಗಡಿ ಮುಂದೆ ಬೈಕ್ ನಿಲ್ಲಿಸಿ, ಕೀ ಅದರಲ್ಲೇ ಬಿಟ್ಟು ಒಳಗೆ ಓಡಿದ. ನಾನು ಕೀ ಕಿತ್ತು ಜೇಬಿಗೆ ಹಾಕಿಕೊಂಡೆ. ಹೊರಗೆ ಬಂದವನು ಇನ್ಸುಲಿನ್ ಪೊಟ್ಟಣ ತೋರಿಸಿ, "ಅಂಕಲ್, ಅಜ್ಜಿಗೆ ಬೇಕು, ಕೀ ಕೊಡ್ರೀ" ಅಂದ. ಹತ್ತು ನಿಮಿಷ ಬುದ್ಧಿ ಹೇಳಿ ಆಮೇಲೆ ಕೊಟ್ಟೆ. ಆ ಕೀ ಮುಟ್ಟುವ ಹಕ್ಕೇ ನನಗಿರಲಿಲ್ಲ ಅಂತ ಗೊತ್ತಾದದ್ದು ಪರಿಚಯದ ವಕೀಲರೊಬ್ಬರು ಹೇಳಿದ ಮೇಲೆ. ಆ ಹುಡುಗ ಎದುರು ಸಿಕ್ಕರೆ ಇವತ್ತಿಗೂ ಕ್ಷಮೆ ಕೇಳುತ್ತೇನೆ.

ಈ ಪತ್ರ ಬರೆಯುತ್ತಿರುವುದು ಅದಕ್ಕೇ. ಪಾರ್ಕಿಂಗ್ ಕೆಲಸಕ್ಕೆ ಸ್ವಯಂಸೇವಕರನ್ನು ಬಳಸಿಕೊಳ್ಳಿ, ಬೇಡ ಅನ್ನುವುದಿಲ್ಲ. ಮಂಡಿಪೇಟೆ, ಚೌಕಿಪೇಟೆಯ ಕಿರಿದಾದ ಬೀದಿಗಳಲ್ಲಿ ಒಂದು ಕಡೆ ಲಗೇಜ್ ಆಟೋದಿಂದ ಹಮಾಲರು ಮೂಟೆ ಇಳಿಸುತ್ತಿರುತ್ತಾರೆ, ಇನ್ನೊಂದು ಕಡೆ ಎರಡು ಸಾಲು ಬೈಕ್. ನಡುವೆ ಆಂಬುಲೆನ್ಸ್ ಬಂದರೆ ದಾರಿ ಬಿಡಿಸುವುದಕ್ಕೆ ಇರುವ ಪೊಲೀಸರು ಸಾಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂದಾಗಲಂತೂ ಕೇಳುವುದೇ ಬೇಡ. ಆದರೆ ಕಲಿಸದೆ ಯಾರನ್ನೂ ರಸ್ತೆಗೆ ನಿಲ್ಲಿಸಬೇಡಿ.

ಮೊದಲ ಪಾಠ ಅಧಿಕಾರದ ಮಿತಿಯದ್ದಾಗಿರಲಿ. 1988ರ ಮೋಟಾರು ವಾಹನ ಕಾಯ್ದೆಯ 130ನೇ ಸೆಕ್ಷನ್ ಪ್ರಕಾರ ರಸ್ತೆಯಲ್ಲಿ ಲೈಸೆನ್ಸ್ ತೋರಿಸಿ ಅಂತ ಕೇಳಬಹುದಾದದ್ದು ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ. ನಿಷೇಧಿತ ಜಾಗದಲ್ಲಿ ನಿಂತ ಗಾಡಿಯನ್ನು ಎತ್ತಿಸುವ ಮಾತು 127ನೇ ಸೆಕ್ಷನ್‌ನಲ್ಲಿದೆ, ಅಲ್ಲೂ ಸಮವಸ್ತ್ರದ ಪೊಲೀಸರೇ. ದಂಡ ಕಟ್ಟಿಸಿಕೊಳ್ಳುವ ಅಧಿಕಾರ ಸರ್ಕಾರ ಗೊತ್ತುಮಾಡಿದ ಅಧಿಕಾರಿಗಳಿಗೆ ಮಾತ್ರ. ಹಾಗಾದರೆ ಸ್ವಯಂಸೇವಕ ಮಾಡಬಹುದಾದದ್ದು ಏನು? ಕೇಳಿಕೊಳ್ಳಬಹುದು, ಜಾಗ ತೋರಿಸಬಹುದು, ಗಮನಿಸಿ ನಿಮಗೆ ತಿಳಿಸಬಹುದು. ಕೀ ಕಿತ್ತುಕೊಳ್ಳುವುದು, ಚಕ್ರದ ಗಾಳಿ ತೆಗೆಯುವುದು, ಹಣ ಮುಟ್ಟುವುದು ಯಾವುದೂ ಅವನ ಕೆಲಸವಲ್ಲ. ಇದನ್ನು ತಲೆಗೆ ಹೋಗುವ ಹಾಗೆ ಹೇಳಿಕೊಟ್ಟಿದ್ದರೆ ನಾನು ಆ ತಪ್ಪು ಮಾಡುತ್ತಿರಲಿಲ್ಲ.

ಸ್ವಯಂಸೇವಕರಿಗೆ ಕಾನೂನಿನಲ್ಲೇ ಅಧಿಕಾರ ಕೊಟ್ಟ ಊರುಗಳೂ ಎಷ್ಟು ಎಚ್ಚರ ವಹಿಸುತ್ತವೆ ನೋಡಿ. ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ಅಂಗವಿಕಲರಿಗೆ ಮೀಸಲಿಟ್ಟ ಪಾರ್ಕಿಂಗ್ ಜಾಗವನ್ನು ಕಬಳಿಸಿದವರ ಮೇಲೆ ದೂರು ದಾಖಲಿಸಲು ಸ್ಥಳೀಯ ಆಡಳಿತ ಸ್ವಯಂಸೇವಕರನ್ನು ನೇಮಿಸಬಹುದು. ಅದಕ್ಕೆ ಮೊದಲು ಅವರು ಕನಿಷ್ಠ 4 ಗಂಟೆಯ ತರಬೇತಿ ಮುಗಿಸಿ ಪ್ರಮಾಣವಚನ ತೆಗೆದುಕೊಳ್ಳಬೇಕು. ಗಂಭೀರ ಅಪರಾಧದಲ್ಲಿ ಶಿಕ್ಷೆಯಾದವರಿಗೆ ಅವಕಾಶವಿಲ್ಲ. ಆಯುಧ ಇಟ್ಟುಕೊಳ್ಳುವ ಹಾಗಿಲ್ಲ, ಸಂಬಳವೂ ಇಲ್ಲ. ನಮ್ಮ ಬೆಂಗಳೂರಿನಲ್ಲೂ ಸಂಚಾರ ಪೊಲೀಸರಿಗೆ ನೆರವಾಗುವ ಸ್ವಯಂಸೇವಕರ, ಅಂದರೆ ಟ್ರಾಫಿಕ್ ವಾರ್ಡನ್‌ಗಳ ಪದ್ಧತಿ ದಶಕಗಳಿಂದ ಇದೆ.

ನನ್ನ ಅನುಭವದಲ್ಲಿ ಹೇಳುವುದಾದರೆ ನಮ್ಮಲ್ಲಿ ನಾಲ್ಕು ಗಂಟೆ ಸಾಲದು. ಒಂದು ದಿನ ಕೂರಿಸಿ ಪಾಠ ಮಾಡಿ, ಮೇಲೆ ಎರಡು ದಿನ ಸಂಚಾರ ಪೇದೆಯ ಜೊತೆಯಲ್ಲೇ ನಿಲ್ಲಿಸಿ. ನೀಲಿ ಫಲಕದ ಮೇಲೆ ಒಂದು ಕೆಂಪು ಗೀಟಿದ್ದರೆ ಗಾಡಿ ಬಿಟ್ಟು ಹೋಗುವಂತಿಲ್ಲ, ಎರಡು ಗೀಟು ಅಡ್ಡಡ್ಡ ಇದ್ದರೆ ನಿಲ್ಲಿಸುವಂತೆಯೇ ಇಲ್ಲ. ಈ ವ್ಯತ್ಯಾಸ ವಾಹನ ಓಡಿಸುವ ಎಷ್ಟೋ ಜನರಿಗೆ ಗೊತ್ತಿಲ್ಲ, ಆಗ ನನಗೂ ಗೊತ್ತಿರಲಿಲ್ಲ. ಫೋಟೊ ತೆಗೆಯುವುದನ್ನೂ ಕಲಿಸಬೇಕು: ನಂಬರ್ ಪ್ಲೇಟ್, ಫಲಕ ಎರಡೂ ಒಂದೇ ಚಿತ್ರದಲ್ಲಿ ಬರಬೇಕು, ಗಾಡಿಯಲ್ಲಿ ಕೂತ ಹೆಣ್ಣುಮಕ್ಕಳ, ಮಕ್ಕಳ ಮುಖ ಬರಬಾರದು. ಆ ಚಿತ್ರ ಇಲಾಖೆಗೆ ಬಿಟ್ಟು ಯಾವ ವಾಟ್ಸಾಪ್ ಗುಂಪಿಗೂ ಹೋಗಕೂಡದು. ಮುಂದೆ ಯಾರಾದರೂ ದಂಡವನ್ನು ಪ್ರಶ್ನಿಸಿದರೆ ಸಮಯ, ಜಾಗ ಬರೆದಿಟ್ಟ ಪುಸ್ತಕವೇ ಆಧಾರ.

ಎಲ್ಲಕ್ಕಿಂತ ಕಷ್ಟದ ಪಾಠ ಮಾತಿನದ್ದು. "ಏಯ್, ತೆಗಿ" ಅಂದರೆ ಜಗಳ. "ಅಣ್ಣಾ, ಸ್ವಲ್ಪ ಮುಂದೆ ಹಾಕ್ಕಳ್ರೀ" ಅಂದರೆ ಹತ್ತರಲ್ಲಿ ಎಂಟು ಜನ ತೆಗೆಯುತ್ತಾರೆ, ನಾನು ನೋಡಿದ್ದೇನೆ. ಉಳಿದ ಇಬ್ಬರು ಬೈದಾಗ ಹಿಂದೆ ಸರಿದು ಪೊಲೀಸರಿಗೆ ಫೋನ್ ಮಾಡುವುದನ್ನು ಅಭ್ಯಾಸ ಮಾಡಿಸಬೇಕು. ಕಿವಿ ಕೇಳದವರು ಸೀಟಿಗೆ ತಿರುಗಿ ನೋಡುವುದಿಲ್ಲ, ಅದನ್ನು ಧಿಮಾಕು ಅಂತ ತಿಳಿಯಬಾರದು. ಮೂರು ಚಕ್ರದ ಸ್ಕೂಟರ್‌ನಲ್ಲಿ ಬಂದವರಿಗೆ ಆಸ್ಪತ್ರೆಯ ಬಾಗಿಲ ಹತ್ತಿರದ ಜಾಗ ದಯೆಯಲ್ಲ, ಅವರ ಹಕ್ಕು.

ಇನ್ನೊಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ಅಂಗಡಿಯವರನ್ನು ಅವರವರ ಅಂಗಡಿಯ ಬೀದಿಗೇ ಹಾಕಬೇಡಿ. ತನ್ನ ಗಿರಾಕಿಯ ಕಾರಿಗೆ ಒಂದು ನ್ಯಾಯ, ಎದುರಂಗಡಿಯ ಗಿರಾಕಿಗೆ ಇನ್ನೊಂದು ನ್ಯಾಯ ಆಗುವುದನ್ನು ಕಣ್ಣಾರೆ ಕಂಡಿದ್ದೇನೆ. ಪಕ್ಷದ ಬಾವುಟದ ಗಾಡಿಗೂ ಮಂಡಕ್ಕಿ ಮೂಟೆಯ ಟಿವಿಎಸ್‌ಗೂ ಮಾತು ಒಂದೇ ಇರಬೇಕು.

ಪಾರ್ಕಿಂಗ್ ಜಾಗ ಗೊತ್ತುಮಾಡುವಾಗ ಸ್ಥಳೀಯ ಸಂಸ್ಥೆಯನ್ನು ಕೇಳಬೇಕೆಂದು ಅದೇ ಮೋಟಾರು ವಾಹನ ಕಾಯ್ದೆಯ 117ನೇ ಸೆಕ್ಷನ್ ಹೇಳುತ್ತದೆ. ಆದ್ದರಿಂದ ಈ ಪತ್ರದ ಪ್ರತಿಯನ್ನು ಮಹಾನಗರ ಪಾಲಿಕೆ ಆಯುಕ್ತರಿಗೂ ಕಳಿಸುತ್ತಿದ್ದೇನೆ. ಫಲಕವೇ ಇಲ್ಲದ ಬೀದಿಯಲ್ಲಿ ತರಬೇತಿ ಪಡೆದವನೂ ಏನು ತೋರಿಸಿ ಕೇಳಿಯಾನು?

ತರಬೇತಿ ಮುಗಿಸಿದವರಿಗೆ ಅವಧಿ ನಮೂದಿಸಿದ ಗುರುತಿನ ಚೀಟಿ ಕೊಡಿ, ಅದರ ಹಿಂದೆ ದೂರು ಹೇಳುವ ನಂಬರ್ ಅಚ್ಚು ಹಾಕಿಸಿ. ಮುಂದಿನ ಜಾತ್ರೆಗೆ ಮೊದಲು ಇಂಥ ಒಂದು ತಂಡವಾದರೂ ಸಿದ್ಧವಾಗಲಿ. ಅದರ ಮೊದಲ ತರಗತಿಗೆ ನಾನು ಹೆಸರು ಕೊಡುತ್ತೇನೆ.

ವಂದನೆಗಳೊಂದಿಗೆ,
ದಾವಣಗೆರೆಯ ಒಬ್ಬ ನಿವಾಸಿ